ಎಡಗೈ ಪೆಟ್ಟಿಗೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಯಾಕೆ ಬರೆದೆ ಎಂದು ಕೇಳಲು ಅವರೀಗ ಇಲ್ಲ, ಅದು ಬೇರೆ ಮಾತು. ಆದರೆ ನೆಂಟರ ಮನೆಯ ಲಗ್ನಪತ್ರಿಕೆಯ ಕೊನೆಯಲ್ಲಿ ತಮ್ಮ ಹೆಸರು ಅಚ್ಚಾಗಿದ್ದನ್ನು ನೋಡಿಯೇ ಬೆವರಿದ ಮನುಷ್ಯ ಅವರು. ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದು, “ಅಚ್ಚಾಗಿದ್ದನ್ನ ಅಳಿಸೋಕಾಗಲ್ಲ ಕಣ್ರೀ ಟೀಚರ್ರೇ. ಮದುವೇಲಿ ಹೆಚ್ಚುಕಮ್ಮಿ ಆದ್ರೆ ನನ್ನ ಹೆಸರೂ ಅದರಲ್ಲಿ ಇರುತ್ತಲ್ಲ?” ಎಂದು ಕೇಳಿದ್ದರು. ಮದುವೆ ಚೆನ್ನಾಗಿಯೇ ಆಯಿತು. ಆ ಗಂಡ ಹೆಂಡತಿಗೆ ಮೊಮ್ಮಕ್ಕಳಾಗುವವರೆಗೂ ಇವರ ಭಯ ಮಾತ್ರ ಹೋಗಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ. ನಮ್ಮ ಹಳೆಯ ಬೀದಿಯವರೊಬ್ಬರು ಎದುರಾಗಿ ಹೇಳಿದರು. ಕೇಳಿದವಳಿಗೆ ಅಳು ಬರಬೇಕಿತ್ತು. ಅದು ಬಿಟ್ಟು, ಮನೆಯಲ್ಲಿ ಸ್ಟವ್ ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಬಂತು. ಹತ್ತಬೇಕಾಗಿದ್ದ ಬಸ್ಸು ಬಿಟ್ಟು ವಾಪಸ್ಸು ಬಂದೆ. ಸ್ಟವ್ ಆರಿತ್ತು. ಅದರ ಮುಂದೆ ಕೂತು, ಈ ಪುಣ್ಯಾತ್ಮ ತಮ್ಮ ಗಾಬರಿಯನ್ನು ನನಗೂ ಒಂದಿಷ್ಟು ಅಂಟಿಸಿಯೇ ಹೋದರಲ್ಲ ಎಂದು ಚೆನ್ನಾಗಿ ಅತ್ತೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ ಹೊಸದಾಗಿ ಸೇರಿದ್ದೆ, ಅಣ್ಣನ ಮನೆಯಲ್ಲಿದ್ದೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಸಾಲುಮನೆಗಳು; ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರು ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಉದ್ದಕ್ಕೆ, ತೆಳ್ಳಗೆ, ಕತ್ತು ಒಂದಿಷ್ಟು ಮುಂದಕ್ಕೆ ಬಾಗಿ, ಸದಾ ಯಾವುದೋ ಸದ್ದಿಗೆ ಕಿವಿ ಕೊಟ್ಟವರ ಹಾಗೆ ಇರುತ್ತಿದ್ದರು. ಬೀಗ ಹಾಕಿ ಎಳೆದು ನೋಡುವುದು, ಬೀದಿ ಕೊನೆಯವರೆಗೆ ಹೋಗಿ ತಿರುಗಿ ಬಂದು ಮತ್ತೆ ಎಳೆದು ನೋಡುವುದು ದಿನಚರಿ. ಒಂದು ಸಲ ಹೀಗೆ ಎಳೆದು ನೋಡಿ ಸಮಾಧಾನದಿಂದ ಆಫೀಸಿಗೆ ಹೋದರು. ಒಳಗೆ ಅವರ ತಾಯಿ ಇದ್ದರು! ಮಧ್ಯಾಹ್ನ ಹಿತ್ತಲ ಗೋಡೆಯ ಆಚೆಯಿಂದ ಆಕೆ ನನ್ನನ್ನು ಕೂಗಿ, “ನನ್ನ ಮಗ ನನ್ನನ್ನ ಭದ್ರವಾಗಿಟ್ಟು ಹೋಗಿದಾನೆ ಕಣೇ, ಯಾರೂ ಕದ್ಕೊಂಡು ಹೋಗದ ಹಾಗೆ” ಎಂದು ನಕ್ಕರು.

ಆ ತಾಯಿಯನ್ನು ಬೀದಿಯಲ್ಲಿ ಎಲ್ಲರೂ ಮೃದಂಗದಮ್ಮ ಎನ್ನುತ್ತಿದ್ದರು. ಅವರ ಯಜಮಾನರು ಬೇಲೂರಿನಲ್ಲಿ ದೇವಸ್ಥಾನದ ಸೇವೆಯಲ್ಲಿದ್ದ ಮೃದಂಗ ವಿದ್ವಾಂಸರು, ಬಹಳ ಹಿಂದೆಯೇ ಹೋಗಿಬಿಟ್ಟಿದ್ದರು. ಅಂದಿನಿಂದ ಆಕೆ ಕೆಂಪು ಸೀರೆ, ಬೋಳು ಹಣೆ, ತಲೆ ತುಂಬ ಸೆರಗು. ನಾಲ್ಕು ಜನ ಸೇರುವ ಶುಭಕಾರ್ಯದಲ್ಲಿ ಮುಂದೆ ಬಂದು ಕೂರುವವರಲ್ಲ, ಬಾಗಿಲ ಹಿಂದೆ ಎಲ್ಲೋ ಒಂದು ಕಡೆ. ಆದರೆ ಮೃದಂಗದ ಮಾತು ಬಂದರೆ ಆಕೆಯ ಮುಖವೇ ಬೇರೆ. ಮೃದಂಗದ ಎಡಮುಖಕ್ಕೆ ಕಛೇರಿಗೆ ಮುಂಚೆ ರವೆ ಕಲಸಿ ಮೆತ್ತುತ್ತಾರೆ. ಆ ರವೆಯಿಂದಲೇ ಗುಂಕಾರ ಹುಟ್ಟುವುದು. “ರವೆ ನಾನೇ ಕಲಸಿ ಕೊಡ್ತಿದ್ದೆ. ನೀರು ಹೆಚ್ಚಾದ್ರೆ ಜಾರುತ್ತೆ, ಕಮ್ಮಿಯಾದ್ರೆ ಉದುರುತ್ತೆ. ಬೇರೆ ಯಾರು ಕಲಸಿದ್ರೂ ಅವರಿಗೆ ಒಗ್ಗುತ್ತಿರಲಿಲ್ಲ” ಎಂದು ಹೇಳುವಾಗ ಬೆರಳು ಗಾಳಿಯಲ್ಲೇ ರವೆ ಕಲಸುತ್ತಿದ್ದವು.

ಮಗನಿಗೆ ಮೃದಂಗ ಬರಲಿಲ್ಲ. ತಾಳ ತಪ್ಪಿದರೆ ಏನು ಗತಿ ಎಂಬ ಹೆದರಿಕೆಯಲ್ಲಿ ತಾಳವೇ ತಪ್ಪುತ್ತಿತ್ತಂತೆ. ಅವರ ಹುಚ್ಚು ಬೇರೆ ದಾರಿ ಹಿಡಿಯಿತು. ಹಬ್ಬ ಹರಿದಿನಗಳಲ್ಲಿ ಮರಕ್ಕೆ ಕಟ್ಟುತ್ತಿದ್ದರಲ್ಲ, ತಗಡಿನ ಹಾರ್ನು, ಆ ಮೈಕ್ ಸೆಟ್ಟಿನ ಹುಚ್ಚು. ಹಳೆಯ ಸೆಟ್ಟೊಂದನ್ನು ಎಲ್ಲಿಂದಲೋ ತಂದು, ಬಿಚ್ಚಿ, ಜೋಡಿಸಿ, ಸಂಜೆಯೆಲ್ಲ ಅದರ ಮುಂದೆ ಕೂರುತ್ತಿದ್ದರು. ಬೀದಿಯ ಪೂಜೆ ಪುನಸ್ಕಾರಗಳಿಗೆ ಕರೆದರೆ ಕಟ್ಟಿಕೊಡುತ್ತಿದ್ದರು. ಕಟ್ಟಿದ ಮೇಲೆ ಊಟಕ್ಕೂ ಏಳದೆ ಅದರ ಪಕ್ಕದಲ್ಲೇ ಜ್ವರ ಬಂದ ಮಗುವಿನ ಹತ್ತಿರ ಕೂತ ಹಾಗೆ ಕೂತಿರುತ್ತಿದ್ದರು.

ಒಂದು ದಿನ ಹೀಗೇ ಯಾವುದೋ ಹರಿಕಥೆಯಿಂದ ಮನೆಗೆ ಬಂದ ತಾಯಿ, “ಎಲ್ಲಾ ಸರಿ ಕಣೋ. ನಿನ್ನ ತಗಡಿನೊಳಗೆ ಮೃದಂಗಕ್ಕೆ ಎಡಗೈಯೇ ಇಲ್ಲವಲ್ಲ. ಬರೀ ಟಕಟಕ ಅನ್ನುತ್ತೆ. ನಿಮ್ಮಪ್ಪ ಕೇಳಿದ್ರೆ ಎದ್ದು ಹೋಗಿರೋರು” ಎಂದುಬಿಟ್ಟರು. ಮಗನಿಗೆ ಅದು ಚುಚ್ಚಿತು. ಮಾರನೆಯ ದಿನ ನನ್ನ ಹತ್ತಿರ, “ಅಮ್ಮ ಹೇಳಿದ್ದು ನಿಜ ಟೀಚರ್ರೇ. ಹಾರ್ನು ಮೇಲಿನ ನಾದ ಕೂಗುತ್ತೆ, ಕೆಳಗಿನದು ಅದರ ಕೈಲಾಗಲ್ಲ. ಅದಕ್ಕೇ ಬೇರೆ ಪೆಟ್ಟಿಗೆ ಬೇಕು” ಎಂದರು.

ಇದೇ ಸಮಯಕ್ಕೆ ಆಕೆಯ ಕಿವಿ ಕೈಕೊಡತೊಡಗಿತ್ತು. ಮೊದಲು ಹೋದದ್ದು ಸಣ್ಣ ದನಿಗಳು. ನಾವು ಹೆಂಗಸರು ಮಾತಾಡಿದರೆ ತುಟಿ ನೋಡುವರು. ಗಂಡಸರ ದಪ್ಪ ದನಿ ಮಾತ್ರ ಕೇಳುತ್ತಿತ್ತು. ರೈಲಿನ ಸೀಟಿ ಕೇಳುತ್ತಿರಲಿಲ್ಲ. ಆದರೆ ಗೂಡ್ಸ್ ಗಾಡಿ ದೂರದಲ್ಲಿರುವಾಗಲೇ ನಮಗಿಂತ ಮೊದಲು, “ಗೂಡ್ಸ್ ಬಂತು ನೋಡು” ಎನ್ನುವರು. ನೆಲದ ಗುಡುಗುಡು ಅವರಿಗೆ ಗೊತ್ತಾಗುತ್ತಿತ್ತು. ಹಾಸನಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಾಗ, ಇದು ನಿಲ್ಲುವುದಿಲ್ಲ, ಇದ್ದಷ್ಟೂ ಹೋಗುತ್ತದೆ ಎಂದರಂತೆ. ಆ ದಿನ ಸಂಜೆ ಮಗ ನಮ್ಮ ಜಗಲಿಗೆ ಬಂದು, “ಅಪ್ಪನ ಕೈ ಒಂದು ಸಲ ಕೇಳಿಸಿಬಿಡಬೇಕು ಟೀಚರ್ರೇ, ಪೂರ್ತಿ ಹೋಗೋದ್ರೊಳಗೆ” ಎಂದರು.

ಅಪ್ಪನ ಕೈ ಎಂದರೆ ಅಪ್ಪನ ಶಿಷ್ಯನ ಕೈ. ಆ ಶಿಷ್ಯರು ಆಗ ದೂರದಲ್ಲೆಲ್ಲೋ ಇದ್ದರು. ಗುರುವಿನ ಎಡಗೈ ಇದ್ದ ಹಾಗೇ ಅವರಿಗೆ ಇಳಿದಿದೆ ಎಂದು ಕೇಳಿದವರೆಲ್ಲ ಹೇಳುತ್ತಿದ್ದರು. ಮೃದಂಗದಮ್ಮ ಮಾತ್ರ ಕೇಳಿರಲಿಲ್ಲ. ವಿಜಯದಶಮಿಗೆ ಹಳೇಬೀಡಿನ ಗೌಡರೊಬ್ಬರು ಅಲ್ಲಿನ ಶಾಲೆಯ ಅಂಗಳದಲ್ಲಿ ಹಾಡುಗಾರಿಕೆ ಇಡಿಸುತ್ತಾರೆ, ಪಕ್ಕವಾದ್ಯಕ್ಕೆ ಅದೇ ಶಿಷ್ಯರು ಬರುತ್ತಾರೆ ಎಂದು ಗೊತ್ತಾದಾಗ ಇವರು ತಾವಾಗಿ ಹೋಗಿ, “ಮೈಕ್ ಸೆಟ್ಟು ನನ್ನದು” ಎಂದು ಒಪ್ಪಿಕೊಂಡು ಬಂದರು. ತಾವಾಗಿ ಒಂದು ಕೆಲಸ ಮೈಮೇಲೆ ಹಾಕಿಕೊಂಡದ್ದು ನಾನು ಕಂಡ ಹಾಗೆ ಅದೇ ಮೊದಲು. ಬಂದವರಿಗೆ ರಾತ್ರಿಯೇ ಹೊಟ್ಟೆ ಕೆಟ್ಟಿತು.

ವೇದಿಕೆಯ ಹತ್ತಿರವೇ ತಾಯಿಯನ್ನು ಕೂರಿಸಿಬಿಟ್ಟರೆ ಆಯಿತಲ್ಲ, ಪೆಟ್ಟಿಗೆ ಯಾಕೆ ಎಂದು ನಾನೂ ಕೇಳಿದೆ. ಅವರು, “ಅಮ್ಮನನ್ನೇ ಕೇಳಿ” ಎಂದರು. ಕೇಳಿದೆ. “ಹಬ್ಬದ ದಿನ, ವಿದ್ವಾಂಸರ ಎದುರಿಗೆ, ನಾನು ಈ ಸೀರೇಲಿ ಮುಂದೆ ಕೂರೋದೇ? ಸರಿ ಹೋಯ್ತು. ನಾನು ಶಾಲೆ ಹಿಂದಿನ ಪಡಸಾಲೇಲಿ ಇರ್ತೀನಿ. ನಾದ ಇದ್ರೆ ಅಲ್ಲಿಗೇ ಬರುತ್ತೆ” ಎಂದು ಮಾತು ಮುಗಿಸಿದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಸರಿ, ನಾದ ಅಲ್ಲಿಗೇ ಹೋಗಬೇಕು. ದೊಡ್ಡ ಕಾಗದದ ಬಾಯಿಯ ಎರಡು ಸ್ಪೀಕರ್ ತರಿಸಿದರು. ಮಾವಿನ ಹಲಗೆಯಲ್ಲಿ, ಒಂದು ಚೀಲ ಅಕ್ಕಿ ಹಿಡಿಯುವಷ್ಟು ದೊಡ್ಡ ಎರಡು ಪೆಟ್ಟಿಗೆ ಮಾಡಿಸಿ ಅದರೊಳಗೆ ಕೂರಿಸಿದರು. ಪೆಟ್ಟಿಗೆ ಬೊಳ್ಳೆಂದು ಬೊಗಳಿತು. ಅರಸೀಕೆರೆಯಲ್ಲಿ ತೆಂಗಿನ ನಾರಿಗೇನು ಬರ? ಒಳಗೆಲ್ಲ ನಾರು ಬಡಿದು ತುಂಬಿದ ಮೇಲೆ ದನಿ ಹದಕ್ಕೆ ಬಂತು. ಹಾರ್ನುಗಳಿಗೆ ಬಲಗೈ ಎಂದೂ ಪೆಟ್ಟಿಗೆಗಳಿಗೆ ಎಡಗೈ ಎಂದೂ ಹೆಸರಿಟ್ಟರು. ಮೇಲಿನ ನಾದ ಹಾರ್ನಿಗೆ, ಕೆಳಗಿನದು ಪೆಟ್ಟಿಗೆಗೆ ಹೋಗುವ ಹಾಗೆ ನಡುವೆ ಒಂದು ತಂತಿಯ ಸುರುಳಿ ಇಟ್ಟರು. “ಎರಡು ಕೈಗೂ ಬೇರೆ ಬೇರೆ ಕೆಲಸ. ಆದ್ರೆ ಕೇಳೋರಿಗೆ ಒಂದೇ ಮೃದಂಗ ಅನ್ನಿಸ್ಬೇಕು. ಹಾಗಾಗದಿದ್ರೆ ಇಷ್ಟೆಲ್ಲಾ ದಂಡ” ಎನ್ನುತ್ತಿದ್ದರು.

ಅದರಲ್ಲಿ ಒಂದು ಗಂಡಾಂತರವಿತ್ತು. ಅದನ್ನು ನನಗೆ ಬೀಸುವ ಕಲ್ಲಿನ ಮುಂದೆ ಕೂರಿಸಿ ವಿವರಿಸಿದರು. “ನೀವೂ ನಾನೂ ಎದುರುಬದುರು ಕೂತು ಗೂಟ ಹಿಡಿದಿದೀವಿ ಅನ್ಕೊಳ್ಳಿ. ಇಬ್ಬರೂ ಒಂದೇ ಕಡೆಗೆ ತಿರುಗಿಸಿದ್ರೆ ಕಲ್ಲು ತಿರುಗುತ್ತೆ. ನೀವು ಆ ಕಡೆ, ನಾನು ಈ ಕಡೆ ತಳ್ಳಿದ್ರೆ?” ಕಲ್ಲು ನಿಂತಲ್ಲೇ ನಿಂತಿತು. ಪೆಟ್ಟಿಗೆಗಳೂ ಹಾಗೆಯೇ. ಒಂದೊಂದಕ್ಕೂ ಎರಡೆರಡು ತಂತಿ. ಒಂದು ಪೆಟ್ಟಿಗೆಯ ತಂತಿ ತಿರುಗಾಮುರುಗಾ ಆದರೆ ಒಂದರ ಕಾಗದ ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ, ದಪ್ಪ ನಾದ ಅಲ್ಲಿಂದಲ್ಲಿಗೇ ಸತ್ತುಹೋಗುತ್ತದೆ. ಅದಕ್ಕಾಗಿ ಜೇಬಿನಲ್ಲಿ ಸದಾ ಒಂದು ಟಾರ್ಚ್ ಶೆಲ್ಲು. ತಂತಿಗೆ ಶೆಲ್ಲು ಮುಟ್ಟಿಸಿ, ಕಾಗದ ಮುಂದಕ್ಕೆ ಜಿಗಿಯುವುದನ್ನು ನೋಡಿ, ಪ್ಲಸ್ ಯಾವುದೋ ಆ ತಂತಿಯ ತುದಿಗೂ ಪೆಟ್ಟಿಗೆಯ ಆ ತಿರುಪಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಿದ್ದರು. ತಂತಿಯೆಲ್ಲ ಒಂದೇ ಕಪ್ಪು, ಬಣ್ಣ ತರಲು ಯಾರು ಹೋಗುತ್ತಾರೆ? ದೇವರ ಮನೆಯಲ್ಲಿ ಕುಂಕುಮವಂತೂ ಇದ್ದೇ ಇರುತ್ತದೆ. “ಕುಂಕುಮ ಇದ್ರೆ ಪ್ಲಸ್, ಇಲ್ಲದಿದ್ರೆ ಮೈನಸ್. ಮರೀಬೇಡಿ ಟೀಚರ್ರೇ, ನಾನು ಮರೆತ್ರೆ ನೀವಾದ್ರೂ ನೆನಪಿಟ್ಟಿರಿ” ಎಂದರು. ಮರೆಯುವ ಮನುಷ್ಯನೇ ಅವರು!

ಅಷ್ಟಮಿಯ ದಿನ ಎಲ್ಲ ಜೋಡಿಸಿ ನೋಡಿದರು, ಸರಿಯಾಗಿತ್ತು. ಬಿಚ್ಚಿ, ನವಮಿಗೆ ಆಯುಧಪೂಜೆಯಲ್ಲಿ ಇಟ್ಟರು. ಆ ದಿನ ಆಯುಧ ಹಿಡಿದು ಕೆಲಸ ಮಾಡುವಂತಿಲ್ಲ. ಪೆಟ್ಟಿಗೆ, ಹಾರ್ನು, ತಂತಿ, ಸ್ಕ್ರೂಡ್ರೈವರು, ಟಾರ್ಚು, ಜೇಬಿನ ಆ ಶೆಲ್ಲು, ಎಲ್ಲಕ್ಕೂ ಒಂದೊಂದು ಹೂವು. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದರಿಂದ ಪೂಜೆಯನ್ನೂ ತಾವೇ ಮಾಡಿ, ನಾಳೆ ಬಸ್ಸಿನ ಮೇಲೆ ಜಾಗ ಸಿಗುತ್ತದೋ ಇಲ್ಲವೋ ಎಂದು ವಿಚಾರಿಸಲು ಪೇಟೆಗೆ ಓಡಿದರು. ಮನೆಯಲ್ಲಿ ಮೃದಂಗದಮ್ಮ ಒಬ್ಬರೇ.

ವಿಜಯದಶಮಿ ಬೆಳಿಗ್ಗೆ ಬಸ್ಸು. ನನಗೂ ಶಾಲೆಗೆ ರಜೆ, ತಾಯಿಯ ಜೊತೆಗೆ ಹೆಂಗಸೊಬ್ಬಳು ಇರಲಿ ಎಂದು ನನ್ನನ್ನೂ ಹೊರಡಿಸಿದ್ದರು. ನಸುಕಿನ ಕತ್ತಲಲ್ಲೇ ಗೋಣಿಯಲ್ಲಿ ಸುತ್ತಿಟ್ಟ ಪೆಟ್ಟಿಗೆ, ತಂತಿಗಳು ಬಸ್ಸಿನ ಮೇಲೆ. ಅವರು ಹಿಂದಿನ ಸೀಟಿನಲ್ಲಿ, ಮೇಲಿನಿಂದ ಏನಾದರೂ ಉರುಳಿದರೆ ತಿಳಿಯಲೆಂದು ಕಿಟಕಿಯಿಂದ ತಲೆ ಹೊರಗೆ. ನಾವಿಬ್ಬರು ಮುಂದೆ. ಬಸ್ಸಿನ ಗಡಗಡದಲ್ಲಿ ಮೃದಂಗದಮ್ಮ ನನ್ನ ಕಿವಿಯ ಹತ್ತಿರ ಬಂದರು.

“ನಿನ್ನ ಹತ್ರ ಒಂದು ಮಾತು ಹೇಳ್ತೀನಿ, ಅವನಿಗೆ ಹೇಳ್ಬೇಡ ಕಣೇ. ನಿನ್ನೆ ನಾನು ಕುಂಕುಮ ಮುಟ್ಟಿದೆ.”

ನಾನು ತಿರುಗಿ ನೋಡಿದೆ.

“ಪಾಪ, ಒಬ್ಬನೇ ಪೂಜೆ ಮಾಡಿದ್ನಲ್ಲ. ಪೆಟ್ಟಿಗೆಗೇನೋ ಇಟ್ಟಿದ್ದ. ತಂತಿಗೆ, ತಿರುಪಿಗೆ ನೋಡಿದ್ರೆ ಅರ್ಧಕ್ಕೆ ಇಟ್ಟಿದಾನೆ, ಅರ್ಧಕ್ಕೆ ಇಲ್ಲ. ಇಟ್ಟಿದ್ದೂ ಎಣ್ಣೆ ಜಿಡ್ಡು. ಶುಭ ಕೆಲಸಕ್ಕೆ ಹೋಗೋ ಸಾಮಾನು ಹಾಗೆ ಅರೆಬರೆ ಇರಬಾರದು ಅಂತ ಎಲ್ಲ ಒರೆಸಿ, ಒಂದೂ ಬಿಡದ ಹಾಗೆ ನಾನೇ ಹೊಸದಾಗಿ ಇಟ್ಟೆ. ಭರಣಿ ಮುಟ್ಟಿ ಅದೆಷ್ಟು ಕಾಲ ಆಗಿತ್ತೋ! ಕೈ ನಡುಗ್ತಿತ್ತು.” ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದರು. “ಮುಟ್ಟಬಾರದಿತ್ತೇನೋ. ಇವತ್ತು ಅವನಿಗೆ ಏನಾದ್ರೂ ಕೆಟ್ಟದಾದ್ರೆ ಅದು ನನ್ನ ಕೈಯಿಂದಲೇ.”

ಆಕೆಯ ಬಲಗೈ ತೋರುಬೆರಳಿನ ಉಗುರ ಸಂದಿಯಲ್ಲಿ ಇನ್ನೂ ಕೆಂಪಿತ್ತು. ಆಕೆಯ ಕೈ ಹಿಡಿದು, ಏನೂ ಆಗಲ್ಲ ಎಂದು ದೊಡ್ಡದಾಗಿ ತುಟಿ ಆಡಿಸಿದೆ. ಒಳಗೆ ಮಾತ್ರ, ಅಯ್ಯೋ ದೇವರೇ, ಪ್ಲಸ್ಸೂ ಕುಂಕುಮ, ಮೈನಸ್ಸೂ ಕುಂಕುಮ!

ಬಾಣಾವರದಲ್ಲಿ ಬಸ್ಸು ನಿಂತಾಗ ಕಾಫಿ ನೆಪ ಮಾಡಿ ಇಳಿದು ಅವರನ್ನು ಪಕ್ಕಕ್ಕೆ ಕರೆದೆ. ಅವರಿಗೆ ಹೇಳಬೇಡ ಎಂದಿದ್ದನ್ನು ಅವರಿಗೇ ಹೇಳಿಬಿಟ್ಟೆ, ಹೇಳದೆ ವಿಧಿಯಿರಲಿಲ್ಲ. ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಶೆಲ್ಲು ಹೂವಿನ ಜೊತೆ ದೇವರ ಮುಂದೆಯೇ ಉಳಿದಿತ್ತು. ಬಾಗಿಲು ಎಳೆದು ನೋಡುವ ಗಲಾಟೆಯಲ್ಲಿ ಅದನ್ನು ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದರು. ಮುಖ ಬಿಳಿಚಿಕೊಂಡಿತು. ಕೂಗಾಡುತ್ತಾರೆ ಅಂದುಕೊಂಡೆ, ಕೂಗಾಡಲಿಲ್ಲ.

“ಅಮ್ಮ ಕುಂಕುಮ ಇಟ್ಟಳೇ?” ಎಂದರು.

“ಹೂಂ. ಕೆಟ್ಟರೆ ನನ್ನ ಕೈಯಿಂದಲೇ ಅಂತಿದಾರೆ.”

“ಹಾಗಾದ್ರೆ ಕೆಡಬಾರದು. ಇವತ್ತು ಕೆಟ್ರೆ ಅವಳು ಸಾಯೋವರೆಗೂ ಅದನ್ನೇ ಅನ್ಕೊಂಡಿರ್ತಾಳೆ ಟೀಚರ್ರೇ. ಅವಳ ಸ್ವಭಾವ ನನಗೆ ಗೊತ್ತು.” ಎಷ್ಟೇ ಚಳಿಯಿದ್ದರೂ ಬೆವರುವ ಅವರ ಹಣೆ ಆಗ ಒಣಗಿತ್ತು, ಅದನ್ನು ನೋಡಿ ನನಗೇ ಭಯವಾಯಿತು.

ಜಾವಗಲ್ ದಾಟಿ ಹಳೇಬೀಡು ಬರುವವರೆಗೆ ನಾನು ಹಿಂದೆ ತಿರುಗಿ ನೋಡಲಿಲ್ಲ. ಇಳಿದ ಕೂಡಲೇ ಶೆಲ್ಲಿಗಾಗಿ ಹುಡುಕಾಟ. ಹಬ್ಬ, ಅಂಗಡಿಗಳು ಮುಚ್ಚಿದ್ದವು. ಗೌಡರು ಧಾರಾಳ ಮನುಷ್ಯರು, ತಮ್ಮ ಮನೆಯ ಟಾರ್ಚನ್ನೇ ತರಿಸಿದರು. ಬಿಚ್ಚಿದರೆ ಶೆಲ್ಲು ಕರಗಿ ಅಂಟಂಟು. “ಹಗಲೊತ್ನಲ್ಲಿ ಟಾರ್ಚು ಯಾಕ್ ಸ್ವಾಮೀ ನಿಮ್ಗೆ?” ಎಂದು ಗೌಡರು ನಕ್ಕರು. ಹೋಗಲಿ, ಮೈಕಿನಲ್ಲಿ ಮಾತಾಡಿ ನೋಡೋಣವೆಂದರೆ ಕರೆಂಟಿಲ್ಲ. ಊರಿಗೆ ಹೊಸದಾಗಿ ಬಂದ ಕರೆಂಟು, ಬಂದರೆ ಬಂತು, ಹೋದರೆ ಹೋಯಿತು. “ಬತ್ತದೆ ಬತ್ತದೆ, ನೀವು ಕಟ್ಟಿ ಮಡಗಿ” ಎಂದರು ಗೌಡರು.

ವೇದಿಕೆಯ ಎರಡು ಪಕ್ಕ ಕಂಬಕ್ಕೆ ಹಾರ್ನು ಕಟ್ಟಿ, ಪೆಟ್ಟಿಗೆಗಳನ್ನು ವೇದಿಕೆಯ ಕೆಳಗೆ ನಡುವೆ ಒಟ್ಟಿಗೆ ಇಟ್ಟರು. ಸುತ್ತಿಟ್ಟಿದ್ದ ತಂತಿಗಳನ್ನು ಬಿಚ್ಚಿದರು. ಒಂದೊಂದು ತುದಿಗೂ ದುಂಡಗೆ, ಅಚ್ಚುಕಟ್ಟಾಗಿ, ಒಂದೇ ಅಳತೆಯ ಕುಂಕುಮದ ಬೊಟ್ಟು. ಪೆಟ್ಟಿಗೆಯ ತಿರುಪುಗಳಿಗೂ ಹಾಗೆಯೇ. ಎಷ್ಟು ಹೊತ್ತು ಅದನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದರೋ. ಮೃದಂಗದಮ್ಮ ಹತ್ತಿರ ಬಂದು, “ಎಲ್ಲ ಸರಿಯಾಗಿದೆಯೇನೋ?” ಎಂದು ಕೇಳಿದರು. ಆ ಮನುಷ್ಯ, ಬೀಗ ಸರಿಯಾಗಿದೆ ಎಂದು ಜನ್ಮದಲ್ಲಿ ನಂಬದ ಮನುಷ್ಯ, ತಾಯಿಯ ಮುಖ ನೋಡಿ ನಕ್ಕು ದಪ್ಪ ದನಿಯಲ್ಲಿ, “ಎಲ್ಲ ಭದ್ರವಾಗಿದೆ ಅಮ್ಮ. ಹೋಗಿ ಕೂತ್ಕೋ” ಎಂದರು. ಆಮೇಲೆ ಕಣ್ಣು ಮುಚ್ಚಿ ಯಾವುದೋ ತಂತಿಯನ್ನು ಯಾವುದೋ ತಿರುಪಿಗೆ ಸಿಕ್ಕಿಸಿದರು.

ಕರೆಂಟು ಬಂದದ್ದು ವಿದ್ವಾಂಸರು ಬಂದು, ಶ್ರುತಿ ಸೇರಿಸಿ, ಜನ ಗುಜುಗುಜು ಎನ್ನತೊಡಗಿದ ಮೇಲೆ. ಬಂದದ್ದೇ ಹಾಡು ಶುರು. ಹಾರ್ನು ಎಂದಿನಂತೆ ಕೂಗಿತು. ಪಿಟೀಲು ಕೂಗಿತು. ಮೃದಂಗದ ಮೊದಲ ಪೆಟ್ಟು ಬಿತ್ತು: ಟಕ, ಟಕ, ಟಕ. ಎಡಗೈ ಇಲ್ಲ. ಶಿಷ್ಯರ ಎಡಗೈ ಎದ್ದು ಬೀಳುವುದು ಕಣ್ಣಿಗೆ ಕಾಣುತ್ತಿದೆ, ನಾದ ಮಾತ್ರ ಇಲ್ಲ. ನಾನು ಅವರ ಕಡೆ ನೋಡಿದೆ. ಅವರು ಮೈಕ್ ಸೆಟ್ಟಿನ ಪಕ್ಕ ಚಾಪೆಯ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡಿದ್ದರು.

ಹತ್ತಿರ ಸರಿದು, “ತಿರುಗಿಸಿ ಹಾಕ್ರೀ, ಇನ್ನೇನು ನೋಡ್ತೀರಿ?” ಎಂದೆ.

“ಅದೇನಾ ಅಂತ ಹೇಗೆ ಹೇಳ್ಲಿ? ಬಸ್ಸಿನ ಮೇಲೆ ಕಾಗದ ಹರಿದಿದ್ರೆ? ನಾರು ಕಳಚಿ ಬಿದ್ದಿದ್ರೆ? ಸೆಟ್ಟು ಉರೀತಿರುವಾಗ ತಂತಿ ಕಿತ್ರೆ ವಾಲ್ವು ಹೋಗುತ್ತೆ. ಆರಿಸ್ಬೇಕು. ಆರಿಸಿದ್ರೆ ಮತ್ತೆ ಬಿಸಿ ಆಗೋವರೆಗೂ ಸದ್ದಿಲ್ಲ. ಹಾಡ್ತಿರೋರನ್ನ ನಿಲ್ಲಿಸೋದೇ? ಇಷ್ಟು ಜನದ ಎದುರಿಗೆ? ಮತ್ತೆ ಹತ್ತದೇ ಹೋದ್ರೆ? ಹೆಚ್ಚುಕಮ್ಮಿ ಆದ್ರೆ?”

ಒಂದು ಕೀರ್ತನೆ ಮುಗಿಯಿತು, ಇನ್ನೊಂದು ಎತ್ತಿದರು. ಅವರು ಏಳಲಿಲ್ಲ. ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕು ಎನ್ನಿಸುತ್ತಿತ್ತು. ಹಗ್ಗ ಕಂಡರೆ ಹಾವೆನ್ನುವವರನ್ನು ನೋಡಿದ್ದೇನೆ. ಇಲ್ಲಿ ಹಾವೇ ಎದುರಿಗಿದೆ, ಈ ಮಹಾರಾಯರು ಅದರ ಉದ್ದ ಅಳೆಯುತ್ತ ಕೂತಿದ್ದಾರೆ. ಹಿಂದೆ ಪಡಸಾಲೆಯ ಕಡೆ ನೋಡಿದೆ. ಮೃದಂಗದಮ್ಮ ಕಂಬಕ್ಕೆ ಒರಗಿ, ಕಿವಿಗೆ ಅಂಗೈ ಹಿಡಿದು, ಮುಂದಕ್ಕೆ ಬಾಗಿದ್ದರು. ಸ್ವಲ್ಪ ಹೊತ್ತಿಗೆ ಅಂಗೈ ಕೆಳಗಿಳಿಯಿತು. ಆಕೆ ತನ್ನ ತೋರುಬೆರಳನ್ನು ನೋಡಿಕೊಂಡರು. ಸೆರಗಿನ ತುದಿಯಿಂದ ಅದನ್ನು ತಿಕ್ಕಿ ತಿಕ್ಕಿ ಒರೆಸತೊಡಗಿದರು. ಆಮೇಲೆ ಕಂಬ ಹಿಡಿದು ಎದ್ದರು.

“ನಿಮ್ಮಮ್ಮ ಎದ್ದು ಹೋಗ್ತಿದಾರೆ” ಎಂದೆ.

ಅವರು ತಿರುಗಿ ನೋಡಿದರು. ತಾಯಿಯ ಬೆನ್ನು ಕಂಡಿತು. ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿರದಿದ್ದರೆ ನಂಬುತ್ತಿರಲಿಲ್ಲ. ಅವರು ಎದ್ದು, ಪಂಚೆ ಸರಿಮಾಡಿಕೊಳ್ಳದೆ, ನೆಟ್ಟಗೆ ವೇದಿಕೆಯ ಮುಂದೆ ಹೋಗಿ ನಿಂತು, ಹಾಡುತ್ತಿದ್ದ ವಿದ್ವಾಂಸರಿಗೆ ಕೈಮುಗಿದು, “ಕ್ಷಮಿಸಬೇಕು, ಸ್ವಲ್ಪ ನಿಲ್ಲಿಸಿ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಹಿಂತಿರುಗಿ ಸೆಟ್ಟು ಆರಿಸಿಯೇಬಿಟ್ಟರು. ಹಾಡು ಗಾಳಿಯಲ್ಲಿ ನಿಂತುಹೋಯಿತು. ಜನ ಹೋ ಎಂದರು. ಗೌಡರು ಎದ್ದು, “ಏನ್ರೀ ಸ್ವಾಮೀ, ತಲೆ ಗಿಲೆ ಕೆಟ್ಟೈತಾ? ಮಾನ ಕಳೀತೀರಲ್ರೀ!” ಎಂದು ಗದರಿದರು. ಇವರ ಕಿವಿಗೆ ಅದು ಬಿದ್ದ ಹಾಗೆ ಕಾಣಲಿಲ್ಲ. ವೇದಿಕೆಯ ಕೆಳಗೆ ನುಗ್ಗಿ, ಒಂದು ಪೆಟ್ಟಿಗೆಯ ಎರಡು ತಂತಿ ಕಿತ್ತು, ಅದಲುಬದಲು ಮಾಡಿ ಬಿಗಿದು, ಬಂದು ಸ್ವಿಚ್ ಹಾಕಿದರು. ಒಮ್ಮೆ ಬಿಗಿದದ್ದನ್ನು ಎಳೆದು ನೋಡಲಿಲ್ಲ. ನಾನು ಗಮನಿಸಿದೆ, ಎಳೆದು ನೋಡಲೇ ಇಲ್ಲ.

ಸೆಟ್ಟಿನೊಳಗಿನ ವಾಲ್ವುಗಳು ಕೆಂಪಾಗುವುದನ್ನೇ ನೋಡುತ್ತ ಇಬ್ಬರೂ ಬಗ್ಗಿ ಕೂತೆವು. ವೇದಿಕೆಯ ಮೇಲೆ ಶಿಷ್ಯರಿಗೆ ಏನನ್ನಿಸಿತೋ, ಜನರ ಗಲಾಟೆ ತಗ್ಗಿಸಲೆಂದೋ ಏನೋ, ಎಡಗೈಯನ್ನು ಮೃದಂಗದ ಮೇಲೆ ಒತ್ತಿ ಜಾರಿಸಿ ಒಂದು ಗುಂಕಾರ ಕೊಟ್ಟರು. ಅದು ನಮ್ಮ ಕಾಲ ಕೆಳಗೆ, ನೆಲದಲ್ಲಿ ಬಂತು. ಮುಂದಿನ ಸಾಲಿನ ಮಗುವೊಂದು ಬೆಚ್ಚಿ ತಾಯಿಯ ಮಡಿಲಿಗೆ ಹೋಯಿತು. ಗೌಡರು ಬಾಯಿ ಅರ್ಧ ತೆರೆದವರು ಹಾಗೇ ಕೂತರು.

ನಾನು ಪಡಸಾಲೆಗೆ ಓಡಿದೆ. ಮೃದಂಗದಮ್ಮ ಮೆಟ್ಟಿಲಿಳಿಯುತ್ತಿದ್ದವರು ಅಲ್ಲೇ ನಿಂತಿದ್ದರು, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಮತ್ತೆ ಗುಂಕಾರ ಬಂತು, ಅದರ ಬೆನ್ನಿಗೆ ಬಲಗೈಯ ಮಾತು, ಮತ್ತೆ ಎಡಗೈ. ಆಕೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಅಂಗೈಯನ್ನು ಕಲ್ಲಿನ ಮೇಲೆ ಒತ್ತಿ ಇಟ್ಟುಕೊಂಡರು. ಕಣ್ಣಿಂದ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, ತನ್ನ ದನಿ ಎಷ್ಟು ದೊಡ್ಡದಾಗಿದೆ ಎಂದು ತಿಳಿಯದೆ, “ರವೆ ಹದವಾಗಿ ಕೂತಿದೆ ಕಣೇ!” ಎಂದರು. ಕೊನೆಯ ಸಾಲಿನವರು ತಿರುಗಿ ನೋಡಿದರು. ನೋಡಲಿ ಬಿಡಿ.

ಕಛೇರಿ ಮುಗಿದ ಮೇಲೆ ಗೌಡರು ಸಮಾಧಾನವಾಗಿದ್ದರೂ ಒಂದು ಮಾತು ಕೇಳದೆ ಬಿಡಲಿಲ್ಲ. “ಅಲ್ಲಾ ಸ್ವಾಮೀ, ಇಷ್ಟ್ ಚೆನ್ನಾಗೈತೆ. ಮೊದ್ಲೇ ಯಾಕಿಂಗೆ ಕಟ್ಲಿಲ್ಲ?” ತಾಯಿ ಪಕ್ಕದಲ್ಲೇ ನಿಂತು ಗೌಡರ ದಪ್ಪ ದನಿಯನ್ನು ಕೇಳಿಸಿಕೊಳ್ಳುತ್ತಿದ್ದರು. ಇವರು ತಾಯಿಗೂ ಕೇಳಲೆಂದು ಗಟ್ಟಿಯಾಗಿ, “ನನ್ನದೇ ತಪ್ಪು. ರಾತ್ರಿ ನಿದ್ದೆ ಇರಲಿಲ್ಲ, ತಂತಿ ತಿರುಗಾಮುರುಗಾ ಕೊಟ್ಟುಬಿಟ್ಟೆ” ಎಂದರು. ತಾಯಿ ಗೌಡರ ಎದುರಿಗೇ, “ಇವನು ಯಾವಾಗಲೂ ಹೀಗೇ, ಗಾಬರಿಯಲ್ಲಿ ಕೆಲಸ ಕೆಡಿಸ್ಕೋತಾನೆ” ಎಂದು ಬೈದರು. ಹಾಗೆ ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಬಸ್ಸಿನಲ್ಲಿ ಬರುವಾಗ ಆಕೆ ನನ್ನ ಕಿವಿಯಲ್ಲಿ, “ಕುಂಕುಮ ಇಟ್ಟಿದ್ದು ಒಳ್ಳೇದೇ ಆಯ್ತು ನೋಡು. ಅವನು ಅಷ್ಟು ಕೆಡಿಸಿಕೊಂಡ್ರೂ ಸರಿಹೋಯ್ತು” ಎಂದರು. ನಾನು ಹೂಂ ಎಂದೆ.

ಆ ಒಂದು ದಿನದ ಧೈರ್ಯದಿಂದ ಮನುಷ್ಯ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ಬೆಳಿಗ್ಗೆಯೇ ಬೀಗ ಎಳೆದು, ಬೀದಿ ಕೊನೆಗೆ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡಿದರು. ಮಳೆ ಬಾರದ ದಿನವೂ ಕೊಡೆ ಹಿಡಿದರು. ಮಗಳು ಹುಟ್ಟಿದ ತಂತಿ ಸಮಾಚಾರ ಬಂದಾಗ ಅದು ಬೇರೆ ಯಾರಿಗೋ ಬಂದಿರಬಹುದೆಂದು ಅಂಚೆಯವನನ್ನು ಕೂರಿಸಿಕೊಂಡು ವಿಚಾರಿಸಿದರು. ವಿದ್ವಾಂಸರನ್ನು ನಡುಹಾಡಿನಲ್ಲಿ ನಿಲ್ಲಿಸಿದ್ದಕ್ಕೆ ತಿಂಗಳುಗಟ್ಟಲೆ ಕೊರಗಿದರು.

ಮೃದಂಗದಮ್ಮನ ಕಿವಿ ಡಾಕ್ಟರು ಹೇಳಿದ ಹಾಗೆಯೇ ಹೋಯಿತು. ಮುಂದಿನ ನವರಾತ್ರಿಯ ಹೊತ್ತಿಗೆ ಗೂಡ್ಸ್ ಬಂದರೂ ಹೇಳುತ್ತಿರಲಿಲ್ಲ. ಆ ನವಮಿಯ ದಿನ ನಾನು ಕೋಸಂಬರಿ ಕೊಡಲು ಹೋದೆ. ನಡುಮನೆಯಲ್ಲಿ ಎರಡು ಎಡಗೈ ಪೆಟ್ಟಿಗೆ, ಹೂವು, ದೀಪ. ಸೊಸೆ ಅಡುಗೆಮನೆಯಲ್ಲಿದ್ದಳು. ತಾಯಿಯ ಮಡಿಲಲ್ಲಿ ಕುಂಕುಮದ ಭರಣಿ. ಮಗ ಎದುರಿಗೆ ಕೂತು ತಂತಿಯ ತುದಿಗಳನ್ನು ಒಂದಾದ ಮೇಲೊಂದು ಆಕೆಯ ಮುಂದೆ ಹಿಡಿಯುತ್ತಿದ್ದರು. ಇದಕ್ಕೆ ಎಂದು ಸನ್ನೆ, ಇದಕ್ಕೂ ಎಂದು ಸನ್ನೆ. ಆಕೆ ಒಂದನ್ನೂ ಬಿಡದೆ, ನಿಧಾನವಾಗಿ, ದುಂಡಗೆ ಬೊಟ್ಟಿಡುತ್ತಿದ್ದರು. ಕೈ ನಡುಗುತ್ತಿರಲಿಲ್ಲ.

ನಾನು ಬಗ್ಗಿ ನೋಡಿದೆ. ಎರಡೆರಡು ತಂತಿಯಲ್ಲಿ ಒಂದಕ್ಕೆ, ತುದಿಯಿಂದ ಗೇಣು ದೂರದಲ್ಲಿ, ಸಣ್ಣದೊಂದು ಗಂಟು.

“ಓಹೋ! ಈಗ ಗಂಟಿದ್ರೆ ಪ್ಲಸ್ಸೋ?” ಎಂದೆ. ನನ್ನ ಗಂಟಲು ಮೊದಲೇ ದೊಡ್ಡದು.

ಅವರು ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟುಕೊಂಡರು. ತಾಯಿಯ ಕಡೆ ಕಳ್ಳನೋಟ ನೋಡಿ ಪಿಸುದನಿಯಲ್ಲಿ, “ಮೆಲ್ಲಗೆ ಮಾತಾಡಿ ಟೀಚರ್ರೇ, ಮೆಲ್ಲಗೆ” ಎಂದರು.

“ಅವರಿಗೆ ಕೇಳಿಸೋದಿಲ್ವಲ್ರೀ.”

“ಗೊತ್ತು,” ಎಂದರು ಇನ್ನೂ ಮೆಲ್ಲಗೆ, ಇನ್ನೊಂದು ತಂತಿಯನ್ನು ತಾಯಿಯ ಬೆರಳ ಕೆಳಗೆ ಹಿಡಿಯುತ್ತ. “ಆದ್ರೂ ಹೆಚ್ಚುಕಮ್ಮಿ ಆದ್ರೆ?”